ಮಳೆಗೆ ಮೊದಲು ಜೀಪಿನ ಅಡಿಗೊಮ್ಮೆ ಇಣುಕಿ

ಮೇ ತಿಂಗಳು ಮುಗಿಯುತ್ತ ಬಂತು. ಅಡಿಕೆ ಸುಲಿದಾಗಿದೆ, ತೋಟದ ಕಣಿ ಬಿಡಿಸುವ ಕೆಲಸ ಅರ್ಧಕ್ಕೆ ಬಂದಿದೆ, ಬೋರ್ಡೋ ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣ ತಂದಿಟ್ಟವರೂ ಇದ್ದಾರೆ. ಮಳೆಗಾಲದ ತಯಾರಿ ಎಂದರೆ ಇಷ್ಟೇ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಆದರೆ ಆ ಮೈಲುತುತ್ತನ್ನು, ಗೊಬ್ಬರದ ಗೋಣಿಯನ್ನು, ಮದ್ದು ಬಿಡುವ ಆಳುಗಳನ್ನು, ಜ್ವರ ಬಂದ ಮಗುವನ್ನು ಹೊತ್ತುಕೊಂಡು ಗುಡ್ಡೆ ಹತ್ತಿ ಇಳಿಯುವ ಜೀಪಿನ ಅಡಿಗೆ ಒಮ್ಮೆಯಾದರೂ ಇಣುಕಿ ನೋಡಿದವರು ಎಷ್ಟು ಮಂದಿ?

ಕೃಷಿ ಮತ್ತು ಆರೋಗ್ಯದ ಈ ಪುಟದಲ್ಲಿ ಜೀಪಿಗೇನು ಕೆಲಸ ಎಂದು ಕೆಲವರಾದರೂ ಕೇಳಬಹುದು. ಪೆರ್ಲ, ಬಾಯಾರು, ಮುಳ್ಳೇರಿಯ, ದೇಲಂಪಾಡಿ ಕಡೆಯ ಓದುಗರು ಕೇಳಲಾರರು. ಬಸ್ಸು ನಿಲ್ಲುವ ಜಾಗದಿಂದ ಮನೆಯಂಗಳಕ್ಕೆ ಎರಡು ಮೂರು ಕಿಲೋಮೀಟರು ಮುರಕಲ್ಲಿನ ಏರು ದಾರಿ ಇರುವವರಿಗೆ ಜೀಪು ಎತ್ತಿನ ಗಾಡಿಯೂ ಹೌದು, ಆಂಬುಲೆನ್ಸೂ ಹೌದು. ಅದರ ಆರೋಗ್ಯ ಕೆಟ್ಟರೆ ನಮ್ಮ ಆರೋಗ್ಯವೂ ಕೆಟ್ಟಂತೆಯೇ.

ಇದನ್ನು ಬರೆಯಲು ನಮಗೆ ಇನ್ನೊಂದು ಕಾರಣವೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. 2016ರ ಜುಲೈ ತಿಂಗಳ ಒಂದು ಸಂಜೆ ನಮ್ಮದೇ ಜೀಪು ಆರು ಮಂದಿ ಆಳುಗಳನ್ನು ಕೂರಿಸಿಕೊಂಡು ಮೇಲಿನ ತೋಟದಿಂದ ಇಳಿಯುತ್ತಿತ್ತು. ತಿರುವಿನಲ್ಲಿ ಸ್ಟೇರಿಂಗ್ ಚಕ್ರ ಗಿರಗಿಟ್ಟಲೆಯ ಹಾಗೆ ಸುಮ್ಮನೆ ತಿರುಗಿತು. ಮುಂದಿನ ಗಾಲಿಗಳು ತಮ್ಮ ಪಾಡಿಗೆ ತಾವು ಹೋದವು. ಟೈ ರಾಡಿನ ತುದಿಯ ಗುಂಡು ತನ್ನ ಬಟ್ಟಲಿನಿಂದ ಕಳಚಿ ಬಿದ್ದಿತ್ತು. ದರೆಗೆ ಒರಗಿ ನಿಂತದ್ದರಿಂದ ಜೀವಗಳು ಉಳಿದವು. ಎಡಗಡೆ ತೋಡಿಗೆ ಹೋಗಿದ್ದರೆ ಈ ಲೇಖನ ಬೇರೆ ಯಾರಾದರೂ ಬರೆಯಬೇಕಿತ್ತು. ಹಿಂದೆ ಕುಳಿತಿದ್ದ ಒಬ್ಬ ಹೆಂಗಸಿನ ಭುಜದೆಲುಬು ಮುರಿಯಿತು. ಎಲುಬು ಕೂಡಿತು, ಆದರೆ ಆಕೆ ಈಗಲೂ ಆ ಕೈ ಎತ್ತಿ ಸೊಪ್ಪಿನ ಕಟ್ಟನ್ನು ತಲೆಗೆ ಇಟ್ಟುಕೊಳ್ಳಲಾರಳು.

ಸ್ಟೇರಿಂಗ್ ಸಡಿಲವಾಗಿದೆ ಎಂಬುದು ನಮಗೆ ಫೆಬ್ರವರಿಯಿಂದಲೇ ಗೊತ್ತಿತ್ತು. ಗೊತ್ತಿದ್ದೂ ಆ ವರ್ಷ ಕೈಯಲ್ಲಿದ್ದ ಹಣವನ್ನು ನಾವು ಹಾಕಿದ್ದು ಅಗಲವಾದ, ಎತ್ತರವಾದ ಹೊಸ ಟೈರುಗಳಿಗೆ. ಕೆಸರಿನಲ್ಲಿ ಜೀಪು ಜಾರುತ್ತದೆ ಎಂಬುದು ನೆವ. ನೋಡಲು ಚಂದ ಎಂಬುದು ನಿಜವಾದ ಕಾರಣ.

ನಮ್ಮ ಕಡೆಯ ಹಳೆಯ ಜೀಪುಗಳ ಮೂಲ ಎರಡನೇ ಮಹಾಯುದ್ಧದ್ದು. 1941ರಿಂದ ಅಮೆರಿಕದ ಸೈನ್ಯಕ್ಕೆ ವಿಲ್ಲೀಸ್ ಕಂಪೆನಿ ಮಾಡಿಕೊಟ್ಟ ಗಾಡಿಯ ಇಂಜಿನು 60 ಅಶ್ವಶಕ್ತಿಯದು. ಸೈನ್ಯದ ಲೆಕ್ಕದಲ್ಲಿ ಅದು 'ಕಾಲು ಟನ್' ಟ್ರಕ್ಕು, ಅಂದರೆ ಹಾದಿಯಿಲ್ಲದ ಕಡೆ ಸುಮಾರು ಇನ್ನೂರೈವತ್ತು ಕಿಲೋ ಹೊರಲು ಮಾಡಿದ್ದು. 1947ರಲ್ಲಿ ಮಹೀಂದ್ರ ಕಂಪೆನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಮುಂದೆ ಅದೇ ಎಲುಬುಗೂಡಿನ ಮೇಲೆ ಡೀಸೆಲ್ ಇಂಜಿನು ಕುಳಿತಿತು, ಹಿಂಬದಿ ಉದ್ದವಾಯಿತು, ಎದುರುಬದುರು ಸೀಟು ಬಂತು. ಕಾಲು ಟನ್ನಿನ ಗಾಡಿಯಲ್ಲಿ ನಾವು ಎಂಟು ಆಳು, ಆರು ಚೀಲ ಗೊಬ್ಬರ, ಮೇಲೊಂದು ಪಂಪು ಹೇರುತ್ತೇವೆ. ಐವತ್ತು ಕಿಲೋದ ಆರು ಚೀಲವೆಂದರೆ ಅದೇ ಮುನ್ನೂರು ಕಿಲೋ ಆಯಿತು. ಉದ್ದ ಮಾಡಿದ ಮಾದರಿಗಳಲ್ಲಿ ಪ್ಲೇಟು, ಹೌಸಿಂಗುಗಳನ್ನು ಬಲಪಡಿಸಿದ್ದು ನಿಜ. ಆದರೂ ಸ್ಟೇರಿಂಗಿನ ಸಣ್ಣ ಸಣ್ಣ ಕೀಲುಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಹೇರುವಾಗ ಯೋಚಿಸಿದವರು ಕಡಿಮೆ.

ಸ್ಟೇರಿಂಗಿನ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಸ್ಟೇರಿಂಗ್ ಕಂಬದ ಬುಡದಲ್ಲಿ ಒಂದು ಪೆಟ್ಟಿಗೆ ಇದೆ. ಅದರೊಳಗೆ ತಿರುಪಿನ ಹಾಗೆ ಕೊರೆದ ಒಂದು ಉಕ್ಕಿನ ತುಂಡು, ಆ ಕೊರೆಯಲ್ಲಿ ಓಡಾಡುವ ಎರಡು ಮೊಳೆಗಳಿರುವ ಒಂದು ತೋಳು. ಅಲ್ಲಿಂದ ಒಂದು ಸರಳು ಮುಂದಕ್ಕೆ ಬಂದು, ಮುಂದಿನ ಅಡ್ಡಪಟ್ಟಿಯ ಮೇಲೆ ಕುಳಿತ ಬೆಲ್ ಕ್ರ್ಯಾಂಕ್ ಎಂಬ ಮೂಲೆಯಾಕಾರದ ತುಂಡನ್ನು ತಿರುಗಿಸುತ್ತದೆ. ಬೆಲ್ ಕ್ರ್ಯಾಂಕಿನಿಂದ ಎರಡು ಟೈ ರಾಡುಗಳು ಎಡಕ್ಕೂ ಬಲಕ್ಕೂ ಹೋಗಿ ಗಾಲಿಗಳನ್ನು ತಿರುಗಿಸುತ್ತವೆ. ಗಾಲಿಯ ಬುಡದಲ್ಲಿ ಮೇಲೊಂದು ಕೆಳಗೊಂದು ಕಿಂಗ್ ಪಿನ್ ಬೇರಿಂಗು. ಒಟ್ಟು ಲೆಕ್ಕ ಹಾಕಿದರೆ ನಿಮ್ಮ ಕೈಗೂ ನೆಲಕ್ಕೂ ನಡುವೆ ಹತ್ತಕ್ಕಿಂತ ಹೆಚ್ಚು ಕೀಲು. ಒಂದೊಂದರಲ್ಲಿ ಕೂದಲೆಳೆಯಷ್ಟು ಸವೆದರೂ ಎಲ್ಲ ಕೂಡಿ ಸ್ಟೇರಿಂಗ್ ಚಕ್ರದಲ್ಲಿ ಗೇಣಗಲದ 'ಪ್ಲೇ' ಬರುತ್ತದೆ. ಬೆಲ್ ಕ್ರ್ಯಾಂಕಿನ ಗೂಟ ಸವೆಯುವುದು ಹೆಚ್ಚಾಗಿ ಕೆಸರಿನಿಂದ. ಅದು ಕುಳಿತ ಜಾಗವೇ ಕೆಸರು ಎರಚುವ ಜಾಗ. ನಂತರದ ಹಲವು ಮಾದರಿಗಳಲ್ಲಿ ಬೆಲ್ ಕ್ರ್ಯಾಂಕನ್ನು ಬಿಟ್ಟು ಎರಡೂ ಗಾಲಿಗೆ ಒಂದೇ ಉದ್ದದ ಟೈ ರಾಡು ಕೊಟ್ಟಿದ್ದಾರೆ. ಅವುಗಳಲ್ಲಿ ಕೀಲು ಕಡಿಮೆ, ಆದ್ದರಿಂದ ಸಡಿಲವೂ ಕಡಿಮೆ.

ಪ್ಲೇ ಎಲ್ಲಿದೆ ಎಂದು ಕಂಡುಹಿಡಿಯಲು ಗ್ಯಾರೇಜಿಗೇ ಹೋಗಬೇಕೆಂದಿಲ್ಲ. ಸಮತಟ್ಟಾದ ಅಂಗಳದಲ್ಲಿ ಜೀಪು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಇಂಜಿನು ಬಂದ್ ಮಾಡಿ. ಮನೆಯ ಹುಡುಗನೊಬ್ಬ ಮೇಲೆ ಕುಳಿತು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲಿ. ನೀವು ಗೋಣಿ ಹಾಸಿ ಅಡಿಯಲ್ಲಿ ಮಲಗಿ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಿ. ಒಂದು ಕಡೆಯ ತುಂಡು ಅಲುಗಿ ಮುಂದಿನ ತುಂಡು ಅಲುಗದೆ ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ಬಳಿಕ ಮುಂದಿನ ಗಾಲಿಯನ್ನು ಜ್ಯಾಕ್ ಮೇಲೆ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಅಲುಗಿದರೆ ಹುಡುಗನಿಗೆ ಬ್ರೇಕ್ ತುಳಿಯಲು ಹೇಳಿ ಇನ್ನೊಮ್ಮೆ ಅಲುಗಾಡಿಸಿ. ಈಗ ಅಲುಗಾಟ ನಿಂತರೆ ಸಡಿಲ ಇರುವುದು ಗಾಲಿಯ ಬೇರಿಂಗಿನಲ್ಲಿ. ನಿಲ್ಲದಿದ್ದರೆ ಕಿಂಗ್ ಪಿನ್ನಿನಲ್ಲಿ. ಕಿಂಗ್ ಪಿನ್ನಿನ ಸಡಿಲವನ್ನು ತೆಳು ತಗಡಿನ ಶಿಮ್ಮುಗಳನ್ನು ಮೇಲೂ ಕೆಳಗೂ ಸಮನಾಗಿ ತೆಗೆದು ಸರಿಪಡಿಸಬಹುದು, ಬೇರಿಂಗು ಪುಡಿಯಾಗಿರದಿದ್ದರೆ ಮಾತ್ರ.

ಕೆಲವು ಮೇಸ್ತ್ರಿಗಳು ಇದಾವುದನ್ನೂ ನೋಡದೆ ಸ್ಟೇರಿಂಗ್ ಪೆಟ್ಟಿಗೆಯ ಪಕ್ಕದ ಸ್ಕ್ರೂ ಅನ್ನು ಬಿಗಿ ಮಾಡಿ ಕಳಿಸುತ್ತಾರೆ. ಹತ್ತು ನಿಮಿಷದ ಕೆಲಸ, ಗಿರಾಕಿಯೂ ಖುಷಿ. ಇದು ಅಪಾಯ. ಜೀಪು ಹೆಚ್ಚಾಗಿ ನೇರ ಓಡುವುದರಿಂದ ಪೆಟ್ಟಿಗೆಯೊಳಗಿನ ಕೊರೆ ನಡುವಿನಲ್ಲೇ ಹೆಚ್ಚು ಸವೆದಿರುತ್ತದೆ. ನಡುವಿನ ಸಡಿಲ ಹೋಗುವ ತನಕ ಬಿಗಿ ಮಾಡಿದರೆ ಪೂರ್ತಿ ತಿರುಗಿಸಿದಾಗ ಅದು ಕಚ್ಚಿಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ವಾಪಸು ಬರುವುದಿಲ್ಲ. ಅಂಥ ಪೆಟ್ಟಿಗೆಯ ಒಳಭಾಗ ಬದಲಾಯಿಸುವುದೇ ದಾರಿ.

ನಲವತ್ತು ಐವತ್ತು ಕಿಲೋಮೀಟರು ವೇಗದಲ್ಲಿ ಸಣ್ಣ ಹೊಂಡಕ್ಕೆ ಬಿದ್ದೊಡನೆ ಮುಂದಿನ ಗಾಲಿಗಳು ಎರಡೂ ಕಡೆಗೆ ಗಡಗಡನೆ ಬಡಿದುಕೊಳ್ಳುವುದನ್ನು ಹಲವರು ಅನುಭವಿಸಿರಬಹುದು. ಡ್ರೈವರುಗಳು ಇದನ್ನು 'ವಾಬ್ಲಿಂಗ್' ಎನ್ನುತ್ತಾರೆ. ಆ ಹೊತ್ತಿಗೆ ಸ್ಟೇರಿಂಗಿನೊಡನೆ ಹೋರಾಡದೆ ಗಟ್ಟಿಯಾಗಿ ಹಿಡಿದು ಮೆಲ್ಲನೆ ವೇಗ ಇಳಿಸಬೇಕು. ಮನೆಗೆ ಬಂದ ಮೇಲೆ ಟೈರಿನ ಗಾಳಿ, ಗಾಲಿಯ ಬ್ಯಾಲೆನ್ಸ್, ಕಿಂಗ್ ಪಿನ್, ಟೈ ರಾಡಿನ ತುದಿ, ಪ್ಲೇಟಿನ ಯು ಬೋಲ್ಟ್ ಇವಿಷ್ಟನ್ನೂ ನೋಡಬೇಕು. ಸ್ಟೇರಿಂಗ್ ಡ್ಯಾಂಪರ್ ಎಂಬ ಶಾಕ್ ಅಬ್ಸಾರ್ಬರಿನಂಥ ಒಂದು ಕೊಳವೆ ಅಂಗಡಿಯಲ್ಲಿ ಸಿಗುತ್ತದೆ, ಹಾಕಿಸಿದರೆ ನಡುಕ ನಿಲ್ಲುತ್ತದೆ. ಜ್ವರಕ್ಕೆ ಕಾರಣ ಹುಡುಕದೆ ಗುಳಿಗೆ ನುಂಗಿದ ಹಾಗೆ ಅದು. ಎಲ್ಲ ಕೀಲು ಬಿಗಿಯಾದ ಮೇಲೆ ಹಾಕಿಸಿದರೆ ಬೇರೆ ಮಾತು. ಆಗ ಅದು ಕೈಗೆ ಬರುವ ಹೊಡೆತವನ್ನು ನಿಜಕ್ಕೂ ತಗ್ಗಿಸುತ್ತದೆ.

ಕೈಗೆ ಬರುವ ಹೊಡೆತ ಎಂದೊಡನೆ ಆರೋಗ್ಯದ ಒಂದು ಮಾತು. ಪವರ್ ಇಲ್ಲದ ಸ್ಟೇರಿಂಗನ್ನು ಹಿಡಿಯುವಾಗ ಹೆಬ್ಬೆರಳನ್ನು ಒಳಗೆ ಸುತ್ತಿ ಹಿಡಿಯಬಾರದು, ಚಕ್ರದ ಮೇಲೆಯೇ ಇಡಬೇಕು. ಗಾಲಿ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ರಪ್ಪನೆ ತಿರುಗುತ್ತದೆ, ಅದರ ಅಡ್ಡಪಟ್ಟಿ ಹೆಬ್ಬೆರಳಿಗೆ ಬಡಿದು ಎಲುಬು ಮುರಿದ ಉದಾಹರಣೆಗಳು ಇವೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಕ್ಲಚ್ಚು, ಗೇರು ಕಲಿಸುವುದಕ್ಕೆ ಮೊದಲು ಇದನ್ನು ಕಲಿಸಿ. ಬೆನ್ನು ನೋವಿನ ವಿಷಯವೂ ಹಾಗೆಯೇ. ದಿನವಿಡೀ ಜೀಪು, ಟ್ರ್ಯಾಕ್ಟರು ಓಡಿಸುವವರಿಗೆ ಸೊಂಟ ನೋವು ಹೆಚ್ಚು ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಒಂದು ಗಂಟೆ ಕುಲುಕಾಡಿ ಬಂದವರು ಇಳಿದ ಕೂಡಲೇ ಐವತ್ತು ಕಿಲೋದ ಚೀಲಕ್ಕೆ ಬೆನ್ನು ಕೊಡಬಾರದು. ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು, ನೀರು ಕುಡಿದು, ಆಮೇಲೆ ಹೊರಿ.

ಈಗ ಟೈರಿನ ಮಾತಿಗೆ ಬರೋಣ. ಮೂಲದಲ್ಲಿ ಬರುತ್ತಿದ್ದ 6.00-16 ಟೈರಿನ ಎತ್ತರ ಸುಮಾರು 28 ಇಂಚು. ನಾವು ಹಾಕಿಸಿದ್ದು 31 ಇಂಚಿನದು. ಮೂರು ಇಂಚಿನಲ್ಲಿ ಏನಾದೀತು ಎಂದುಕೊಂಡೆವು. ಲೆಕ್ಕ ಹಾಕಿದರೆ ನೂರಕ್ಕೆ ಹತ್ತು ಹನ್ನೊಂದು ದೊಡ್ಡದಾಯಿತು. ಅಂದರೆ ಅದೇ ಏರು ಹತ್ತಲು ಆಕ್ಸಿಲ್ ಶಾಫ್ಟು ಅಷ್ಟು ಹೆಚ್ಚು ತಿರುಚುವ ಬಲ ತಾಳಿಕೊಳ್ಳಬೇಕು, ಬ್ರೇಕು ಅಷ್ಟು ಹೆಚ್ಚು ಹಿಡಿಯಬೇಕು, ಮೀಟರು 40 ತೋರಿಸುವಾಗ ಜೀಪು 44ರಲ್ಲಿ ಓಡುತ್ತಿರುತ್ತದೆ. ಅಗಲ ಟೈರು ಕಲ್ಲುಗಳ ನಡುವೆ ಸಿಕ್ಕಿಕೊಂಡಾಗ ಅದನ್ನು ತಿರುಗಿಸುವ ಹೊರೆಯೆಲ್ಲ ಆ ಸಣ್ಣ ಗುಂಡು ಮತ್ತು ಬಟ್ಟಲಿನ ಮೇಲೆ. ನಮ್ಮದು ಮೊದಲೇ ಸವೆದಿತ್ತು. ಐದು ತಿಂಗಳು ಬಾಳಿದ್ದೇ ಹೆಚ್ಚು.

ದೊಡ್ಡ ಟೈರು ಹಾಕಿದವರು ಮುಂದೆ ಮಾಡಿಸುವುದು ಪವರ್ ಸ್ಟೇರಿಂಗ್. ಬೇರೆ ಗಾಡಿಯ ಪೆಟ್ಟಿಗೆ, ಪಂಪು ತಂದು ಜೋಡಿಸುತ್ತಾರೆ. ತೋಳು ನೋವಿನ ಹಿರಿಯರಿಗೆ ಅದು ದೊಡ್ಡ ಉಪಕಾರವೆಂದು ನಾವು ಒಪ್ಪುತ್ತೇವೆ. ಆದರೆ ಮೊದಲು ಕೈಗೆ ತಿಳಿಯುತ್ತಿದ್ದ ಅಡ್ಡಿ ಈಗ ತಿಳಿಯುವುದಿಲ್ಲ. ಕಲ್ಲಿಗೆ ಸಿಕ್ಕಿದ ಗಾಲಿಯನ್ನು ಎಣ್ಣೆಯ ಒತ್ತಡ ಬಲವಂತವಾಗಿ ತಿರುಗಿಸುತ್ತದೆ. ಟೈ ರಾಡು ಬಾಗುತ್ತದೆ, ಇಲ್ಲವೇ ಪೆಟ್ಟಿಗೆ ಕುಳಿತ ಜಾಗದಲ್ಲಿ ಚಾಸಿಸ್ ಸೀಳುತ್ತದೆ. ಹಳೆಯ ಚಾಸಿಸ್ ಆ ಜಾಗದಲ್ಲಿ ಬಿರಿಯುವುದು ಜೀಪು ಬಲ್ಲವರಿಗೆ ಹೊಸತಲ್ಲ. ಪವರ್ ಹಾಕಿಸುವುದಿದ್ದರೆ ಅಲ್ಲಿಗೆ ದಪ್ಪ ಪ್ಲೇಟಿನ ಆಧಾರ ಕೊಡಬೇಕು, ಟೈ ರಾಡನ್ನೂ ದಪ್ಪದ್ದಕ್ಕೆ ಬದಲಿಸಬೇಕು. ಉದ್ದದ ಶ್ಯಾಕಲ್ ಹಾಕಿ ಜೀಪನ್ನು ಎತ್ತರ ಮಾಡುವುದು ಇದಕ್ಕಿಂತಲೂ ಕೆಟ್ಟ ಚಾಳಿ. ಕಿಂಗ್ ಪಿನ್ನು ಹಿಂದಕ್ಕೆ ವಾಲಿರುವ ಕೋನ ತಪ್ಪುತ್ತದೆ, ಸ್ಟೇರಿಂಗ್ ನೇರಕ್ಕೆ ಬರುವ ಗುಣ ಕಳೆದುಕೊಳ್ಳುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು ಓರೆಯಾಗಿ ತಿರುಗಿ ಬೇಗ ಸವೆಯುತ್ತವೆ.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. ನಮ್ಮ ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿದಿದೆ. ಅಪಘಾತವಾದ ಮೇಲೆ ವಿಮೆಯವರು ಮೊದಲು ನೋಡುವುದೂ ಇದನ್ನೇ. ಸವೆದ ಭಾಗಕ್ಕೆ ಅದೇ ಅಳತೆಯ ಒಳ್ಳೆಯ ಭಾಗ ಹಾಕುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಸ್ಟೇರಿಂಗಿನಿಂದ ಹಿಂದಕ್ಕೆ ಹೋದರೆ, ಇಂಜಿನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಸಾಮಾನುಗಳಲ್ಲಿ ಮೂರು ಕಡೆ ಕಣ್ಣಿಡಬೇಕು.

ಹಳೆಯ ಜೀಪುಗಳ ಹಿಂದಿನ ಆಕ್ಸಿಲ್ ಶಾಫ್ಟಿನ ತುದಿ ಕ್ಯಾರೆಟ್ಟಿನ ಹಾಗೆ ಚೂಪಾಗಿದ್ದು, ಅದರ ಮೇಲೆ ಹಬ್ಬು ಕುಳಿತು ಒಂದು ಸಣ್ಣ ಕೀ ಮತ್ತು ದೊಡ್ಡ ನಟ್ಟಿನಿಂದ ನಿಲ್ಲುತ್ತದೆ. ನಟ್ಟು ಸ್ವಲ್ಪ ಸಡಿಲವಾದರೂ ಹೊರಡುವಾಗ, ರಿವರ್ಸ್ ಹಾಕುವಾಗ 'ಟಕ್' ಎಂಬ ಸದ್ದು ಬರುತ್ತದೆ. ಕೇಳಿಯೂ ಸುಮ್ಮನಿದ್ದರೆ ಒಂದು ದಿನ ಕೀ ಕತ್ತರಿಸಿ ಹೋಗಿ, ಶಾಫ್ಟು ತಿರುಗಿದರೂ ಗಾಲಿ ತಿರುಗುವುದಿಲ್ಲ. ಉದ್ದ ಹಿಡಿಯ ಪಾನಾ ಹಾಕಿ ನಟ್ಟು ಬಿಗಿ ಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಪಿನ್ನಿನ ಬದಲು ಮೊಳೆ, ಬೇಲಿ ತಂತಿ ಹಾಕಿದ ಜೀಪುಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಟೈ ರಾಡಿನಲ್ಲೂ ಕಂಡಿದ್ದೇವೆ!

ಎರಡನೆಯದು ಹ್ಯಾಂಡ್ ಬ್ರೇಕು. ಇದನ್ನು ಮನೆಯವರೆಲ್ಲ ತಿಳಿದಿರಬೇಕು. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿದೆ. ಆ ಶಾಫ್ಟಿನ ಕ್ರಾಸು ಮುರಿದರೆ, ಹಿಂದಿನ ಆಕ್ಸಿಲ್ ತುಂಡಾದರೆ, ಹ್ಯಾಂಡ್ ಬ್ರೇಕೂ ಹೋಯಿತು. ಅಷ್ಟೇ ಅಲ್ಲ, ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಒಂದು ಗಾಲಿಯನ್ನು ಜ್ಯಾಕಿನಲ್ಲಿ ಎತ್ತಿದರೆ, ಎತ್ತಿದ ಗಾಲಿ ಸುಮ್ಮನೆ ತಿರುಗಿ, ನೆಲದಲ್ಲಿರುವ ಗಾಲಿ ಉರುಳಲು ಬಿಡುತ್ತದೆ. ಜೀಪು ಜ್ಯಾಕಿನಿಂದ ಜಾರುತ್ತದೆ. ಪಂಕ್ಚರು ಬಿಚ್ಚುವ ಮೊದಲು ಉಳಿದ ಮೂರು ಗಾಲಿಗೂ ಕಲ್ಲು ಕೊಡಿ. ಏರಿನಲ್ಲಿ ನಿಲ್ಲಿಸುವಾಗ ಫೋರ್ ವೀಲ್ ಹಾಕಿ, ಮುಂದಿನ ಹಬ್ಬುಗಳು ಕೂಡಿರುವುದನ್ನು ನೋಡಿ, ಗೇರಿನಲ್ಲಿ ನಿಲ್ಲಿಸಿದರೆ ಮುಂದಿನ ಗಾಲಿಗಳೂ ಹಿಡಿದು ನಿಲ್ಲುತ್ತವೆ. ಟ್ರಾನ್ಸ್‌ಫರ್ ಕೇಸಿನ ಲಿವರು ನ್ಯೂಟ್ರಲಿನಲ್ಲಿ ಉಳಿದರೆ ಗೇರು ಹಾಕಿದ್ದೂ ವ್ಯರ್ಥ.

ಫೋರ್ ವೀಲಿನ ದುರುಪಯೋಗವೂ ಇದೆ. ನಮ್ಮ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ ಗಾಲಿ ಸ್ವಲ್ಪ ಜಾರಿ ಆ ವ್ಯತ್ಯಾಸ ತೀರುತ್ತದೆ. ಒಣ ಡಾಮರಿನಲ್ಲಿ ಜಾರಲು ಜಾಗವಿಲ್ಲ. ಶಾಫ್ಟು, ಕ್ರಾಸು, ಗೇರಿನ ಹಲ್ಲುಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತವೆ. ಲಿವರು ಹೊರಗೆ ಬರುವುದಿಲ್ಲವೆಂದು ಬಲವಂತ ಮಾಡುವವರು ಸ್ವಲ್ಪ ರಿವರ್ಸ್ ತೆಗೆದು ನೋಡಿ, ತಾನಾಗಿಯೇ ಬರುತ್ತದೆ.

ಕೊನೆಯದು ನೀರು. ತೋಡು ದಾಟುವಾಗ ಬಿಸಿಯಾದ ಹೌಸಿಂಗು ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡುವ ತೂತು ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದರೆ ಕ್ರೌನ್ ಪಿನಿಯನ್ನಿಗೆ ತುಕ್ಕು ಹಿಡಿಯಿತೆಂದೇ ತಿಳಿಯಿರಿ. ನೀರು ಎಣ್ಣೆಗಿಂತ ಭಾರ, ಆದ್ದರಿಂದ ಜೀಪು ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಅಡಿಯ ಡ್ರೈನ್ ಬೋಲ್ಟನ್ನು ತುಸು ಸಡಿಲಿಸಿ. ನೀರಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಇಷ್ಟು ಮಾಡಿ, ಕ್ರಾಸುಗಳ ನಾಲ್ಕೂ ತುದಿಯಿಂದ ಹೊಸ ಗ್ರೀಸ್ ಹೊರಬರುವ ತನಕ ಗನ್ ಒತ್ತಿ.

ಎಲ್ಲವನ್ನೂ ಒಂದೇ ಸಲ ಮಾಡಿಸಲು ಯಾರ ಕೈಯಲ್ಲೂ ಹಣವಿಲ್ಲ, ಅಡಿಕೆಯ ಧಾರಣೆ ಯಾವಾಗ ಇಳಿಯುತ್ತದೋ ಹೇಳುವಂತಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಇಟ್ಟುಕೊಂಡ ಕ್ರಮ ಹೀಗಿದೆ: ಮೊದಲು ಟೈ ರಾಡಿನ ತುದಿಗಳು ಮತ್ತು ಬೆಲ್ ಕ್ರ್ಯಾಂಕು, ಮತ್ತೆ ಕಿಂಗ್ ಪಿನ್ನು, ಮತ್ತೆ ಬ್ರೇಕು, ಹಿಂದಿನ ಹಬ್ಬಿನ ನಟ್ಟು, ಆಮೇಲೆ ಕ್ರಾಸುಗಳು. ಟೈರು ಕೊನೆಗೆ, ಅದೂ ಮೂಲದ ಅಳತೆಯಲ್ಲಿ. ಸ್ಟೇರಿಂಗಿನ ಯಾವ ತುಂಡನ್ನೂ ಕಾಯಿಸಿ ಬಡಿಯಲು, ವೆಲ್ಡ್ ಮಾಡಲು ಬಿಡುವುದಿಲ್ಲ, ಬಾಗಿದ್ದನ್ನು ಬಿಸಾಡುತ್ತೇವೆ. ಆ 31 ಇಂಚಿನ ಟೈರುಗಳಲ್ಲಿ ಎರಡು ಹಟ್ಟಿಯ ಹಿಂದೆ ಬಾವಿಕಟ್ಟೆಗೆ ಒರಗಿಕೊಂಡಿವೆ, ಮಕ್ಕಳು ಒಳಗೆ ಮಣ್ಣು ತುಂಬಿ ಕೆಸುವು ನೆಟ್ಟಿದ್ದಾರೆ.

ಕಳೆದ ಶನಿವಾರ ಅಡಿಗೆ ನುಗ್ಗಿ ನೋಡಿದಾಗ ಬಲಗಡೆಯ ಕಿಂಗ್ ಪಿನ್ನಿನ ಸೀಲು ಹರಿದು ಗ್ರೀಸು ಟೈರಿನ ಒಳಬದಿಗೆ ಇಳಿಯುತ್ತಿರುವುದು ಕಂಡಿತು. ಕಾಸರಗೋಡಿನ ಅಂಗಡಿಯಲ್ಲಿ ಸೀಲು ಸಿಗಲಿಲ್ಲ. ಮಂಗಳೂರಿಗೆ ಹೇಳಿ ಕಳಿಸಿದ್ದೇವೆ, ಗುರುವಾರದ ಬಸ್ಸಿನಲ್ಲಿ ಬರುತ್ತದೆ. ಅಲ್ಲಿಯ ತನಕ ಜೀಪು ಅಂಗಳದಲ್ಲೇ ಇದೆ, ಗೊಬ್ಬರ ತಲೆಹೊರೆಯಲ್ಲಿ ಹೋಗುತ್ತಿದೆ.